ಹದಿನಾಲ್ಕನೇ ನಂಬರಿನವರು ಹೋದರು

ಅಚ್ಚುಕೂಟದಲ್ಲಿ ಅವನನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಅವನ ಕೆಲಸ. ಬರೆದವರು ಉಸಿರು ತೆಗೆದುಕೊಳ್ಳಲು ಮರೆತಿದ್ದಾರೆಂದು ಅವನಿಗೆ ಅನ್ನಿಸಿದ ಕಡೆಯಲ್ಲೆಲ್ಲ ಒಂದು ಅಲ್ಪವಿರಾಮ ಬೀಳುತ್ತಿತ್ತು. ಒಮ್ಮೆ ಯಾರದೋ ವಿಸಿಟಿಂಗ್ ಕಾರ್ಡಿನ ಫೋನ್ ನಂಬರಿನ ನಡುವೆಯೂ ಬಿದ್ದು, ಆ ಮನುಷ್ಯನಿಗೆ ಮೂರು ತಿಂಗಳು ಯಾರೂ ಫೋನ್ ಮಾಡಿರಲಿಲ್ಲ. ಮಿಕ್ಕಂತೆ ಅವನಿಂದ ಲೋಕಕ್ಕೆ ಯಾವ ತೊಂದರೆಯೂ ಆಗಿರಲಿಲ್ಲ. ನಲವತ್ತು ವರ್ಷ ಒಂದೇ ಒಂದು ದೊಡ್ಡ ಸುಳ್ಳು ಹೇಳದೆ ಬದುಕಿದ್ದ. ಮೊದಲ ದೊಡ್ಡ ಸುಳ್ಳನ್ನು ಅವನು ಹೇಳಿದ್ದು ಲಿಫ್ಟಿನಲ್ಲಿ.

ಹೊಸದಾಗಿ ಬಾಡಿಗೆಗೆ ಹಿಡಿದ ಮನೆ ನಾಲ್ಕನೇ ಮಹಡಿಯಲ್ಲಿತ್ತು, ನಂಬರು ಹದಿನಾಲ್ಕು. ಸಾಮಾನು ಸಾಗಿಸುವ ದಿನ ಅವನು ಎದೆಗೆ ಅವಚಿಕೊಂಡ ಮಿಕ್ಸಿ, ಕಂಕುಳಲ್ಲಿ ಇಸ್ತ್ರಿ ಪೆಟ್ಟಿಗೆ, ಕುತ್ತಿಗೆಗೆ ಸುತ್ತಿಕೊಂಡ ಬಟ್ಟೆ ಒಣಹಾಕುವ ಹಗ್ಗ ಸಮೇತ ಲಿಫ್ಟ್ ಹತ್ತಿದ. ಒಳಗೆ ಎತ್ತರದ ಹಿರಿಯರೊಬ್ಬರು ನಿಂತಿದ್ದರು. ಅವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರ ತಲೆಯ ಮೇಲೆ, "ಬಾಡಿಗೆದಾರರು ಸಾಮಾನಿನೊಂದಿಗೆ ಲಿಫ್ಟ್ ಬಳಸತಕ್ಕದ್ದಲ್ಲ" ಎಂಬ ಬೋರ್ಡಿತ್ತು. ಅದರ ಕೆಳಗೆ ಅವರದೇ ಸಹಿ.

"ಯಾವ ಮನೆ?" ಎಂದರು ಕಾರ್ಯದರ್ಶಿಗಳು.

"ಹದಿನಾಲ್ಕು."

"ಬಾಡಿಗೆಗಾ?"

ಅಲ್ಪವಿರಾಮ ಬೋರ್ಡು ನೋಡಿದ, ಮಿಕ್ಸಿ ನೋಡಿದ, ನಾಲ್ಕು ಮಹಡಿಯ ಮೆಟ್ಟಿಲುಗಳನ್ನು ಮನಸ್ಸಿನಲ್ಲೇ ಹತ್ತಿ ಇಳಿದ. ಮನೆಯ ಮಾಲೀಕರನ್ನು ಅವನು ಕಣ್ಣಿನಿಂದ ಕಂಡಿರಲಿಲ್ಲ; ಎಲ್ಲವೂ ದಲ್ಲಾಳಿಯ ಮೂಲಕವೇ ನಡೆದಿತ್ತು. ಕಾಣದ ಮನುಷ್ಯನನ್ನು ನೆಂಟನನ್ನಾಗಿ ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲವೆಂದು ಅವನಿಗೆ ತೋರಿತು.

"ಬಾಡಿಗೆ ಅಂತೇನಲ್ಲ ಸರ್. ಹದಿನಾಲ್ಕನೇ ನಂಬರಿನವರು ನಮಗೆ ದೊಡ್ಡಪ್ಪ ಆಗಬೇಕು."

ಕಾರ್ಯದರ್ಶಿಗಳ ಮುಖ ಇದ್ದಕ್ಕಿದ್ದಂತೆ ಇಳಿದುಹೋಯಿತು. ಅವರು ಕನ್ನಡಕ ತೆಗೆದರು. ಮಿಕ್ಸಿ ತಬ್ಬಿಕೊಂಡಿದ್ದ ಅವನ ಕೈಯ ಮೇಲೆ ತಮ್ಮ ತಣ್ಣನೆಯ ಕೈಯಿಟ್ಟು, "ಹಾಗಾ," ಎಂದರು. "ಸಾಮಾನು ಎಷ್ಟು ಸಲ ಬೇಕಾದರೂ ಇದರಲ್ಲೇ ತನ್ನಿ." ಎರಡನೇ ಮಹಡಿಯಲ್ಲಿ ಇಳಿದು, ಹಿಂದಕ್ಕೆ ತಿರುಗಿ, ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುವವರೆಗೂ ತಲೆ ಬಗ್ಗಿಸಿ ನಿಂತರು.

ಒಂದು ಸುಳ್ಳಿಗೆ ಇಷ್ಟು ಮರ್ಯಾದೆ ಸಿಗುತ್ತದೆಂದು ಗೊತ್ತಿದ್ದರೆ ಅಲ್ಪವಿರಾಮ ಬಹಳ ಹಿಂದೆಯೇ ಶುರು ಮಾಡುತ್ತಿದ್ದನೇನೋ.

ಮುಂದಿನ ಒಂದು ತಿಂಗಳು ಆ ಕಟ್ಟಡ ಅವನನ್ನು ನೋಡಿಕೊಂಡ ರೀತಿಯನ್ನು ಏನೆಂದು ಹೇಳಬೇಕೋ ತಿಳಿಯದು. ಅವನು ಕಾಲಿಟ್ಟ ಕೂಡಲೇ ಲಿಫ್ಟಿನಲ್ಲಿ ಮಾತು ನಿಲ್ಲುತ್ತಿತ್ತು. ಮೂರನೇ ಮಹಡಿಯ ಜಿಮ್ ಮಾಸ್ತರು, ಎತ್ತು ಹಾಯ್ದರೂ ಅಲುಗದ ಮನುಷ್ಯ, ಅವನ ಕೈಯಿಂದ ನೀರಿನ ಕ್ಯಾನು ಕಸಿದುಕೊಂಡು ಮೇಲಕ್ಕೆ ಹೊತ್ತು ತಂದಿಟ್ಟು, "ಸರಿಯಾಗಿ ಊಟ ಮಾಡ್ತಿದೀರಾ?" ಎಂದು ಪಿಸುದನಿಯಲ್ಲಿ ಕೇಳುತ್ತಿದ್ದರು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಟೈಲರಮ್ಮ ಅವನನ್ನು ಕಂಡಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಿದ್ದರು. ಒಂದು ದಿನ ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಹತ್ತಿರ ಬಂದರು.

"ಬೆಳಗಿನ ಜಾವ ನಾಲ್ಕಕ್ಕೆ ನಿಮ್ಮ ಮನೆ ಬಾಗಿಲು ಸದ್ದಾಗುತ್ತೆ. ಮೊದಲಿನ ಹಾಗೇ. ನಾನು ಯಾರಿಗೂ ಹೇಳಿಲ್ಲ."

ಅಲ್ಪವಿರಾಮನಿಗೆ ನಾಚಿಕೆಯಾಯಿತು. ಚಿಲಕ ಹಾಕಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ದಿನವೂ ಆ ಹೊತ್ತಿಗೆ ಎದ್ದು ತೆಗೆದು ಹಾಕಿ ನೋಡುವವನು ಅವನೇ. "ಅದು ಬಹಳ ವರ್ಷದ ಅಭ್ಯಾಸ ಮೇಡಂ," ಎಂದ. "ಇನ್ನು ನಿಲ್ಲೋ ಹಾಗೆ ಕಾಣಲ್ಲ."

ಟೈಲರಮ್ಮ ಬಿಳಿಚಿಕೊಂಡು ತಮ್ಮ ಬಾಗಿಲು ಹಾಕಿಕೊಂಡರು. ಒಳಗೆ ಎರಡು ಚಿಲಕ ಬಿದ್ದದ್ದು ಕೇಳಿಸಿತು.

ಅವನ ಹೆಂಡತಿ ದೊಡ್ಡಾಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಯಾವ ವಾರ್ಡು, ಯಾವ ಡಾಕ್ಟರು, ಯಾವ ಕಡೆ ಶವಾಗಾರ ಎಂದು ದಿನಕ್ಕೆ ನೂರು ಜನಕ್ಕೆ ದಾರಿ ತೋರಿಸಿ ಮನುಷ್ಯರ ಮುಖ ಓದುವುದನ್ನು ಕಲಿತಿದ್ದಳು. "ರೀ, ಈ ಜನ ಇಷ್ಟೊಂದು ಒಳ್ಳೆಯವರಾಗಿರೋದು ನನಗೆ ಯಾಕೋ ಸರಿಹೋಗ್ತಿಲ್ಲ," ಎಂದಳು.

"ನಿನಗೆ ಕೆಟ್ಟವರು ಬೇಕಿತ್ತಾ?"

"ಕೆಟ್ಟವರಾದರೆ ಯಾಕೆ ಅಂತಾದರೂ ಗೊತ್ತಿರುತ್ತೆ."

ಅಲ್ಪವಿರಾಮ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ಗೌರವ ಕೊಟ್ಟವರನ್ನು ಮನೆಗೆ ಕರೆಯದಿದ್ದರೆ ಹೇಗೆ ಎಂಬುದೇ ಅವನಿಗೆ ಹಗಲು ರಾತ್ರಿಯ ಚಿಂತೆಯಾಯಿತು. ಬಾಡಿಗೆ ಮನೆಗೆ ಯಾರಾದರೂ ಹೊಸ ಮನೆಯ ಪಾರ್ಟಿ ಮಾಡುತ್ತಾರೆಯೇ ಎಂದು ಹೆಂಡತಿ ಕೇಳಿದಳು. ಬಾಡಿಗೆಯಾದರೂ ಹೊಸದು ಹೊಸದೇ ಎಂದ. ಅಚ್ಚುಕೂಟದಲ್ಲಿ ಯಾವುದೋ ಕೆಲಸದಲ್ಲಿ ಉಳಿದಿದ್ದ ದಪ್ಪನೆಯ ಕಾರ್ಡುಗಳಿದ್ದವು; ಬೂದು ಬಣ್ಣ, ಸುತ್ತ ತೆಳುವಾದ ಕಪ್ಪು ಅಂಚು. ಬಹಳ ಗಂಭೀರವಾಗಿವೆ ಎಂದು ಅವನ್ನೇ ಆರಿಸಿದ. ಹೊಸ ಮನೆ ಎಂದು ಬರೆದರೆ ಬಾಡಿಗೆಯ ಗುಟ್ಟು ಹೊರಬೀಳುವ ಭಯ. ಆದ್ದರಿಂದ ಅಳೆದು ಸುರಿದು ಇಷ್ಟೇ ಬರೆದ: "ಹದಿನಾಲ್ಕನೇ ನಂಬರಿನ ಮನೆಯಲ್ಲಿ, ಭಾನುವಾರ ಸಂಜೆ ಐದಕ್ಕೆ, ಎಲ್ಲರೂ ಒಟ್ಟಿಗೆ ಸೇರೋಣ. ತಾವು ಬಂದರೆ, ಅದೇ ನಮಗೆ ಸಮಾಧಾನ. ಇಂತಿ, ಮನೆಯವರು."

ಕೆಳಗಿನ ಅಂಚೆ ಡಬ್ಬಿಗಳ ಸಾಲಿನಲ್ಲಿ ಒಂದನ್ನೂ ಬಿಡದೆ ತಾನೇ ಹಾಕಿ ಬಂದ. ಕೊನೆಗೆ ಎಣಿಕೆ ಸರಿಯಾಯಿತು, ಒಂದೂ ಮಿಕ್ಕಲಿಲ್ಲ. ತನ್ನ ಮನೆಯ ಡಬ್ಬಿಗೂ ಒಂದು ಹಾಕಿದ್ದರಿಂದ ಎಣಿಕೆ ಸರಿಯಾಯಿತೆಂಬುದು ಅವನಿಗೆ ಹೊಳೆಯಲಿಲ್ಲ.

ಭಾನುವಾರ ನಾಲ್ಕು ಗಂಟೆಗೇ ಸೋದರತ್ತೆ ಬಂದಿಳಿದರು. ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರು. ಗಂಡ ತೀರಿಕೊಂಡ ಮೇಲೆ ಊರಿನ ಆ ತುದಿಯಲ್ಲಿ ಒಬ್ಬರೇ ಇದ್ದರು. ಕಿವಿ ಸ್ವಲ್ಪ ಮಂದ, ಅದಕ್ಕೆ ತಕ್ಕಂತೆ ದನಿ ಸ್ವಲ್ಪ ಜೋರು. ಎರಡು ಡಬ್ಬಿ ಬಿಸ್ಕತ್ತು ತಂದಿದ್ದರು. ಅಲ್ಪವಿರಾಮ ನೀಲಿ, ಹಳದಿ ಬಲೂನು ಕಟ್ಟಿದ. ಹೆಂಡತಿ ಕೇಕು ಕತ್ತರಿಸಿ ತಟ್ಟೆಗಳಲ್ಲಿ ಇಟ್ಟಳು.

ಐದು ಗಂಟೆಯಾಯಿತು. ಕರೆಗಂಟೆ ಬಾರಿಸಲಿಲ್ಲ. ಐದೂ ಹತ್ತಾಯಿತು. ಲಿಫ್ಟು ಮೇಲೆ ಬಂದು ಕೆಳಗೆ ಹೋಗುವ ಸದ್ದು ನಾಲ್ಕು ಸಲ ಕೇಳಿಸಿತು. ಮಾತಿನ ಸದ್ದು ಮಾತ್ರ ಒಂದು ಸಲವೂ ಇಲ್ಲ. ಯಾರೂ ಬರಲಿಲ್ಲವೇ ಎಂದು ನೋಡಲು ಅಲ್ಪವಿರಾಮ ಬಾಗಿಲು ತೆಗೆದ.

ಹೊರಗೆ ಹನ್ನೊಂದು ಜನ ನಿಂತಿದ್ದರು.

ಅರೆಬೆಳಕಿನ ಮೊಗಸಾಲೆಯಲ್ಲಿ, ಗೋಡೆಯ ಪಕ್ಕಕ್ಕೆ ಸಾಲಾಗಿ, ಚಪ್ಪಲಿ ಆಗಲೇ ಬಿಟ್ಟು, ಕೈ ಕಟ್ಟಿಕೊಂಡು. ಎಲ್ಲರ ಕಣ್ಣೂ ಅವನ ಮುಖದ ಮೇಲೆ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ ಏನೋ. ಮುಂದೆ ನಿಂತಿದ್ದ ಟೈಲರಮ್ಮನ ಕೈಯಲ್ಲಿ ಬಿಳಿ ಹೂವಿನ ಗೊಂಚಲಿತ್ತು.

"ಗಂಟೆ ಒತ್ತೋಕೆ ಮನಸ್ಸು ಬರಲಿಲ್ಲ," ಎಂದರು ಕಾರ್ಯದರ್ಶಿಗಳು.

ಒಬ್ಬೊಬ್ಬರಾಗಿ ಒಳಗೆ ಬಂದರು. ಒಬ್ಬರು ಕಿಟಕಿಯ ಸರಳನ್ನು ಮೆಲ್ಲಗೆ ಮುಟ್ಟಿ ನೋಡಿದರು. ಜಿಮ್ ಮಾಸ್ತರು ಮಲಗುವ ಕೋಣೆ ನೋಡಬಹುದೇ ಎಂದು ಕೇಳಿ, ಹೊಸಲಿನಲ್ಲೇ ನಿಂತು ಮಂಚವನ್ನು ದಿಟ್ಟಿಸಿ, ಕಣ್ಣೊರೆಸಿಕೊಂಡು ಹಿಂದೆ ಬಂದರು. ಬಲೂನುಗಳ ಕೆಳಗೆ ನಿಂತ ಕಾರ್ಯದರ್ಶಿಗಳು, "ಬಣ್ಣ ಅಂದರೆ ಇಷ್ಟ ಇತ್ತು ಅಂತ ಕಾಣುತ್ತೆ," ಎಂದರು.

"ತುಂಬಾ," ಎಂದ ಅಲ್ಪವಿರಾಮ. ತನ್ನ ಇಷ್ಟಕ್ಕೆ ಯಾಕೆ ಹೀಗೆ ಭೂತಕಾಲ ಹಚ್ಚಿದರೆಂದು ಕರಡು ತಿದ್ದುವ ಮನಸ್ಸು ಒಂದು ಕ್ಷಣ ತಡವರಿಸಿತು, ಅಷ್ಟೇ.

ಎಲ್ಲರೂ ಕುರ್ಚಿಗಳ ತುದಿಯಲ್ಲಿ ಕೂತರು. ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡರು, ಕೇಕು ಮುಟ್ಟಲಿಲ್ಲ. ಹನ್ನೆರಡನೆಯವರೊಬ್ಬರು ಕೊನೆಗೆ ಬಂದು ಬಾಗಿಲ ಬಳಿ ಅನುಮಾನಿಸುತ್ತ ನಿಂತಿದ್ದರು. ಸಣಕಲು ಮೈ, ಇಸ್ತ್ರಿಯಾದ ಬಿಳಿ ಅಂಗಿ, ಅರವತ್ತು ದಾಟಿದ ವಯಸ್ಸು. ಅವರನ್ನು ಅತ್ತೆ ಕೈ ಹಿಡಿದೇ ಒಳಗೆ ಕರೆದುಕೊಂಡು ಬಂದರು.

"ಬಾಗಿಲಲ್ಲೇ ನಿಂತರೆ ಹೇಗೆ? ನೀವು ಯಾರ ಕಡೆಯವರು?"

"ಈ ಮನೆ ಕಡೆಯವನೇ," ಎಂದರು ಅವರು.

"ಏನಂದಿರಿ?"

"ಈ ಮನೆ ಕಡೆಯವನು."

"ಹಾಗಾದರೆ ನಮ್ಮವರೇ ಆದಿರಿ," ಎಂದು ಅತ್ತೆ ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಕೇಕಿನ ದೊಡ್ಡ ತುಂಡನ್ನು ಕೊಟ್ಟರು. ಆ ಕೋಣೆಯಲ್ಲಿ ತಿಂದವರು ಅವರೊಬ್ಬರೇ.

ಅಲ್ಪವಿರಾಮನನ್ನು ಹೆಂಡತಿ ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಇವರು ಪಾರ್ಟಿಗೆ ಬಂದಿಲ್ಲ. ಸಾವಿನ ಮನೆಗೆ ಬಂದಿದಾರೆ."

"ಏನು ಮಾತು ಅಂತ ಆಡ್ತೀಯ?"

"ದಿನಾ ನೋಡ್ತೀನಿ ರೀ ನಾನು. ಶವಾಗಾರದ ಮುಂದಿನ ಬೆಂಚಲ್ಲಿ ಜನ ಹೀಗೇ ಕೂತಿರ್ತಾರೆ, ಕುರ್ಚಿ ತುದೀಲಿ. ನೀವು ಇವರಿಗೆ ಏನು ಹೇಳಿದೀರಿ?"

"ಏನೂ ಹೇಳಿಲ್ಲ. ಹದಿನಾಲ್ಕನೇ ನಂಬರಿನವರು ದೊಡ್ಡಪ್ಪ ಆಗಬೇಕು ಅಂತ ಒಂದು ಮಾತು ಅಂದಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಪವಿರಾಮ ಹೊರಗೆ ಹೋಗಿ ಟೈಲರಮ್ಮನ ಪಕ್ಕ ಕೂತು, ಎಲ್ಲ ಗೊತ್ತಿರುವವನಂತೆ, "ನಿಮಗೆ ಹೇಗೆ ತಿಳೀತು?" ಎಂದು ಕೇಳಿದ.

ಟೈಲರಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದರು. ಒಂಬತ್ತು ವರ್ಷ ಈ ಮನೆಯಲ್ಲಿ ಆ ಪುಣ್ಯಾತ್ಮರು ಒಬ್ಬರೇ ಇದ್ದರು. ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಎಲ್ಲರೂ ಮಲಗುವಾಗ ಹೋಗಿ, ನಾಲ್ಕಕ್ಕೆ ಬಂದು, ಎಲ್ಲರೂ ಎದ್ದಿರುವಾಗ ಮಲಗುತ್ತಿದ್ದರು. ಒಂದು ದಿನ ಆಂಬುಲೆನ್ಸ್ ಬಂತು. ಆಮೇಲೆ ಯಾರೋ ಬಂದು ಸಾಮಾನು ಒಯ್ದರು. "ಹದಿನಾಲ್ಕನೇ ನಂಬರಿನವರು ಎಲ್ಲಪ್ಪಾ ಅಂತ ವಾಚ್‌ಮನ್‌ನ ಕೇಳಿದೆ. 'ಅವರು ಹೋದರು ಅಮ್ಮಾ' ಅಂದ. ನನಗೆ ಅಲ್ಲೇ ಕೈಕಾಲು ತಣ್ಣಗಾಯಿತು."

ಅಲ್ಪವಿರಾಮನ ಕೈಕಾಲು ಈಗ ತಣ್ಣಗಾದವು. ತಾನು ಒಂದು ತಿಂಗಳಿಂದ ಅನುಭವಿಸಿದ ಮರ್ಯಾದೆಯೆಲ್ಲ ಸತ್ತವರ ಪಾಲಿನದು. ತಾನು ಮಲಗುತ್ತಿದ್ದ ಕೋಣೆಯ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಎದ್ದು ನಿಜ ಹೇಳಿಬಿಡಿ ಎಂದು ಹೆಂಡತಿ ಅಡಿಗೆಮನೆಯ ಬಾಗಿಲಿನಿಂದ ಕಣ್ಸನ್ನೆ ಮಾಡಿದಳು. ಅವನು ಎದ್ದ. ಅಷ್ಟರಲ್ಲಿ ಕಾರ್ಯದರ್ಶಿಗಳೂ ಎದ್ದಿದ್ದರು. ಅವರು ಎದ್ದರೆ ಬೇರೆಯವರು ಮಾತಾಡುವ ಪದ್ಧತಿ ಆ ಕಟ್ಟಡದಲ್ಲಿರಲಿಲ್ಲ.

"ಒಂಬತ್ತು ವರ್ಷ ನಮ್ಮ ನಡುವೆ ಇದ್ದರು," ಎಂದರು. "ಕಟ್ಟುಮಸ್ತಾದ ಆಳು. ಗಂಭೀರ ನಡಿಗೆ. ಆ ಮೀಸೆ ನನ್ನ ಕಣ್ಣಿಗೆ ಇನ್ನೂ ಕಟ್ಟಿದ ಹಾಗಿದೆ. ನಾವಿಬ್ಬರೂ ಎಷ್ಟೋ ಸಲ ಕೂತು ಮಾತಾಡಿದೀವಿ."

"ನನಗೆ ಅಣ್ಣನ ಹಾಗಿದ್ದರು," ಎಂದರು ಜಿಮ್ ಮಾಸ್ತರು.

ಮೂಲೆಯಲ್ಲಿ ಕೇಕು ತಿನ್ನುತ್ತಿದ್ದವರು ತಟ್ಟೆ ಕೆಳಗಿಟ್ಟು ಗಮನವಿಟ್ಟು ಕೇಳತೊಡಗಿದರು.

ಎರಡು ನಿಮಿಷ ಮೌನ ಎಂದರು ಕಾರ್ಯದರ್ಶಿಗಳು. ಎಲ್ಲರೂ ಎದ್ದು ತಲೆ ಬಗ್ಗಿಸಿದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಸಂಜೆ ಬೆಳಕು ಕಿಟಕಿಯಿಂದ ಹಿಂದೆ ಸರಿದು ಕೋಣೆ ಬೂದಿ ಬಣ್ಣಕ್ಕೆ ತಿರುಗಿತ್ತು. ಆಗ ಮಲಗುವ ಕೋಣೆಯ ಬಾಗಿಲು ಯಾರೂ ಮುಟ್ಟದೆ ನಿಧಾನವಾಗಿ ಮುಚ್ಚಿಕೊಂಡು, ಮತ್ತೆ ನಿಧಾನವಾಗಿ ತೆರೆಯಿತು. ಗಾಳಿಯೇ ಇರಬೇಕು. ಆದರೆ ಹಳದಿ ಬಲೂನು ಒಂದಿಷ್ಟೂ ಅಲುಗಿರಲಿಲ್ಲ ಎಂದು ಜಿಮ್ ಮಾಸ್ತರು ಇವತ್ತಿಗೂ ಹೇಳುತ್ತಾರೆ.

"ಈಗ ಅವರ ತಮ್ಮನ ಮಗ," ಎಂದರು ಕಾರ್ಯದರ್ಶಿಗಳು ಮೆಲುದನಿಯಲ್ಲಿ, "ಕೊನೇ ದಿನಗಳ ಬಗ್ಗೆ ಎರಡು ಮಾತು ಹೇಳಬೇಕು."

ಹನ್ನೆರಡು ಮುಖಗಳು ಅವನತ್ತ ತಿರುಗಿದವು.

"ನಿಜ ಹೇಳಬೇಕು ಅಂದರೆ," ಎಂದು ಅಲ್ಪವಿರಾಮ ಆರಂಭಿಸಿದ. ಟೈಲರಮ್ಮ ಹೂವನ್ನು ಎದೆಗೊತ್ತಿಕೊಂಡರು. ಕಾರ್ಯದರ್ಶಿಗಳು ಕನ್ನಡಕ ತೆಗೆದರು. ಆ ಮುಖಗಳ ಮುಂದೆ ನಿಜ ಹೇಳಲು ಬೇರೆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಬರಬೇಕಿತ್ತು. "ನಿಜ ಹೇಳಬೇಕು ಅಂದರೆ, ಅವರು ಹೆಚ್ಚು ನರಳಲಿಲ್ಲ."

ಅಡಿಗೆಮನೆಯಲ್ಲಿ ಏನೋ ಕೆಳಗೆ ಬಿತ್ತು.

ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. ಆಸ್ಪತ್ರೆಯ ಕಿಟಕಿ ಬಂತು, ಕಿಟಕಿಯ ಹೊರಗೆ ಮರ ಬಂತು, ಮರದ ಮೇಲೆ ಒಂದು ಹಕ್ಕಿಯೂ ಬಂತು. ಈ ಕಟ್ಟಡದ ಒಬ್ಬೊಬ್ಬರ ಹೆಸರನ್ನೂ ನೆನೆದರು ಎಂದ. ಕಾರ್ಯದರ್ಶಿಗಳು ಬಿಕ್ಕಿದರು. "ಕೊನೆಗೆ ನನ್ನ ಕೈ ಹಿಡಿದು, ಒಂದು ಲೋಟ ನೀರು ಕೊಡು ಮಗು ಅಂದರು."

"ನೀರಲ್ಲ," ಎಂದಿತು ಮೂಲೆಯ ಕಡೆಯಿಂದ ಒಂದು ದನಿ. "ನಾನು ಕೇಳಿದ್ದು ಟೀ. ಕೊಡಲಿಲ್ಲ, ಆಪರೇಷನ್ ಇದೆ ಅಂತ."

ಯಾರೂ ಕಿರುಚಲಿಲ್ಲ. ಕಿರುಚಲು ಉಸಿರು ಬೇಕು. ಜಿಮ್ ಮಾಸ್ತರು ಕುರ್ಚಿಯ ಸಮೇತ ಗೋಡೆಯವರೆಗೆ ಹಿಂದಕ್ಕೆ ಸರಿದರು. ಟೈಲರಮ್ಮನ ಕೈಯಿಂದ ಹೂವು ಜಾರಿತು. ಮೂಲೆಯ ಕುರ್ಚಿಯವರು ಎದ್ದು, ಅಂಗಿಯ ಮೇಲಿನ ಕೇಕಿನ ಪುಡಿ ಕೊಡವಿಕೊಂಡರು.

"ನಿಮಗೆ ಬೇಜಾರು ಮಾಡಬೇಕು ಅಂತಲ್ಲ. ಒಂಬತ್ತು ವರ್ಷ ಈ ಮನೇಲಿದ್ದವನು ನಾನೇ. ಪಿತ್ತಕೋಶದ ಕಲ್ಲಿತ್ತು, ತೆಗೆದರು. ರಾತ್ರಿ ಹೊತ್ತು ದೂರ ಓಡಾಡೋದು ಬೇಡ ಅಂದರು, ಕಾರ್ಖಾನೆ ಹತ್ತಿರ ಮನೆ ಮಾಡಿದೆ. ಕೆಳಗಿನ ಅಂಚೆ ಡಬ್ಬಿ ಬೀಗದ ಕೈ ಇನ್ನೂ ನನ್ನ ಹತ್ತಿರಾನೇ ಇದೆ. ನಿನ್ನೆ ಕಾಗದ ನೋಡೋಣ ಅಂತ ಬಂದರೆ ಈ ಕಾರ್ಡಿತ್ತು. ನನ್ನನ್ನೂ ಯಾರೋ ಕರೆದಿದಾರಲ್ಲ ಅಂತ ಬಂದೆ."

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಕಾರ್ಯದರ್ಶಿಗಳು. "ಗುರುತಿನ ಚೀಟಿ ಏನಾದರೂ ತಂದಿದೀರಾ?" ಎಂದರು.

"ಮುಖ ತಂದಿದೀನಿ. ಗುರುತು ಹಿಡೀರಿ."

ಕಾರ್ಯದರ್ಶಿಗಳು ನೋಡಿದರು. ಎಲ್ಲರೂ ನೋಡಿದರು. ನುಣ್ಣಗೆ ಬೋಳಿಸಿದ, ಮೀಸೆಯ ಸುಳಿವಿಲ್ಲದ ಮುಖ. ಯಾರಿಗೂ ಗೊತ್ತಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಕಣ್ಣು ತಗ್ಗಿಸಿದರು.

"ನನಗೂ ನಿಮ್ಮ ಮುಖ ಗೊತ್ತಿಲ್ಲ," ಎಂದರು ಬಿಳಿ ಅಂಗಿಯವರು, ಸಮಾಧಾನ ಮಾಡುವವರಂತೆ. "ಹಗಲು ಮಲಗೋನಿಗೆ ಸದ್ದು ಮಾತ್ರ ಗೊತ್ತಿರುತ್ತೆ. ಎದುರು ಮನೆ ಹೊಲಿಗೆ ಮಿಷನ್ನು ಹನ್ನೊಂದಕ್ಕೆ ನಿಲ್ಲುತ್ತೆ. ಆಮೇಲೆ ಒಬ್ಬರು ಅರ್ಧ ಗಂಟೆ ತಮ್ಮಷ್ಟಕ್ಕೆ ತಾವೇ ಮಾತಾಡ್ತಾರೆ. ಕೆಳಗಿನ ಮನೇಲಿ ಒಬ್ಬರು ಭಾರ ಎತ್ತುವಾಗ ಅಮ್ಮಾ ಅಂತಾರೆ. ಸಂಘದ ಮೀಟಿಂಗ್ ಹಿಂದಿನ ದಿನ ಪೈಪಿನೊಳಗಿಂದ ಒಂದು ಭಾಷಣ ಬರುತ್ತೆ, ನಡುನಡುವೆ ನೀರು ಸುರಿಯೋ ಸದ್ದು. ಎಲ್ಲ ನನಗೆ ಬಾಯಿಪಾಠ. ಹೊಸ ಮನೇಲಿ ಏನೂ ಕೇಳಲ್ಲ, ನಿದ್ದೇನೇ ಬರಲ್ಲ."

ಕೋಣೆ ಮತ್ತೆ ನಿಶ್ಶಬ್ದವಾಯಿತು. ಈ ಸಲ ಯಾರೂ ಎರಡು ನಿಮಿಷವೆಂದು ಹೇಳಿರಲಿಲ್ಲ. ಟೈಲರಮ್ಮ ಕೆಂಪಾಗಿ ನೆಲ ನೋಡುತ್ತಿದ್ದರು.

"ಒಂದೇ ಒಂದು ಗೊತ್ತಾಗಲಿಲ್ಲ," ಎಂದು ಬಿಳಿ ಅಂಗಿಯವರು ಅಲ್ಪವಿರಾಮನತ್ತ ತಿರುಗಿದರು. "ನನಗೆ ತಮ್ಮ ಇಲ್ಲವಲ್ಲ."

"ನಾನು ಬಾಡಿಗೆಯವನು," ಎಂದ ಅಲ್ಪವಿರಾಮ. "ಕೈಯಲ್ಲಿ ಮಿಕ್ಸಿ ಇತ್ತು. ಲಿಫ್ಟಿನಿಂದ ಇಳಿಸಿಬಿಡ್ತಾರೆ ಅಂತ ಸುಳ್ಳು ಹೇಳಿದೆ. ದೊಡ್ಡಪ್ಪ ಅಂದಿದ್ದು ಓನರನ್ನ. ನಿಮ್ಮನ್ನ ಸಾಯಿಸಬೇಕು ಅಂತ ನನಗೆ ಇರಲಿಲ್ಲ. ತಪ್ಪಾಯಿತು."

"ನಾನೂ ಬಾಡಿಗೆಯವನೇ ಆಗಿದ್ದೆ," ಎಂದರು ಅವರು.

ಕಾರ್ಯದರ್ಶಿಗಳು ಏನೋ ಹೇಳಲು ಬಾಯಿ ತೆರೆದರು. ಒಂಬತ್ತು ವರ್ಷದಲ್ಲಿ ಎಷ್ಟು ಸಲ ನಿಯಮ ಮುರಿದಿರಬಹುದೆಂಬ ಲೆಕ್ಕ ಅವರ ಮುಖದಲ್ಲಿ ಹಾದುಹೋಯಿತು. ಆದರೆ ಮೀಸೆಯ ವಿಷಯ ನೆನಪಾಯಿತೇನೋ, ಬಾಯಿ ಮುಚ್ಚಿದರು. ಬಂದವರು ಬಂದ ಹಾಗೆಯೇ, ಒಬ್ಬೊಬ್ಬರಾಗಿ, ಗೋಡೆಯ ಪಕ್ಕದಲ್ಲೇ ಹೊರಟರು. ಬಿಳಿ ಅಂಗಿಯವರೊಂದಿಗೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಮೆಟ್ಟಿಲುಗಳಲ್ಲಿ ಹತ್ತು ಜನರ ಹೆಜ್ಜೆ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಟೈಲರಮ್ಮ ಮಾತ್ರ ಬಾಗಿಲ ಬಳಿ ನಿಂತು, ಹೂವನ್ನು ಏನು ಮಾಡುವುದೆಂದು ತಿಳಿಯದೆ, ಕೊನೆಗೆ ಬಿಳಿ ಅಂಗಿಯವರ ಕೈಗೇ ಕೊಟ್ಟು ಹೋದರು.

ಅಲ್ಪವಿರಾಮನ ಹೆಂಡತಿ ಒಂದು ಲೋಟ ಟೀ ತಂದುಕೊಟ್ಟಳು. ಅವರು ಕಿಟಕಿಯ ಬಳಿ ನಿಂತು ಕುಡಿದರು. ಇಲ್ಲಿಂದ ಸಂಜೆ ಹೀಗೆ ಕಾಣುತ್ತದೆಂದು ತನಗೆ ಗೊತ್ತೇ ಇರಲಿಲ್ಲ, ಸದಾ ಪರದೆ ಎಳೆದಿರುತ್ತಿತ್ತು ಎಂದರು.

ಅತ್ತೆಗೆ ನಡೆದದ್ದರಲ್ಲಿ ಅರ್ಧ ಕೇಳಿಸಿರಲಿಲ್ಲ. ಸೊಸೆ ಕಿವಿಯ ಹತ್ತಿರ ಬಾಗಿ ಮೊದಲಿನಿಂದ ವಿವರಿಸಿದಳು. ಅತ್ತೆ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡು, ಅಲ್ಪವಿರಾಮನ ತಲೆಗೆ ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಹಾಗೆ ಒಂದು ಮೊಟಕಿದರು. ಆಮೇಲೆ ಬಿಳಿ ಅಂಗಿಯವರ ಕಡೆ ತಿರುಗಿದರು.

"ಹೊಸ ಮನೆ ಎಷ್ಟು ದೂರ?"

"ಒಂದು ಇಪ್ಪತ್ತು ನಿಮಿಷದ ನಡಿಗೆ."

"ಅಲ್ಲಿ ನಿಮ್ಮ ಪರಿಚಯದವರು ಯಾರಿದಾರೆ?"

"ಯಾರೂ ಇಲ್ಲ."

"ಏನಂದಿರಿ?"

"ಯಾರೂ ಇಲ್ಲ ಅಂದೆ."

ಅತ್ತೆ ಚೀಲ ಹೆಗಲಿಗೇರಿಸಿ, ತಾವು ತಂದ ಬಿಸ್ಕತ್ತಿನ ಡಬ್ಬಿಗಳಲ್ಲಿ ಒಂದನ್ನು ಹಿಂದಕ್ಕೆ ತೆಗೆದುಕೊಂಡು, "ನಡೀರಿ, ಬಿಟ್ಟು ಬರ್ತೀನಿ," ಎಂದರು. ಬೇಡವೆನ್ನಲು ಅವರಿಗೆ ಅವಕಾಶವೇ ಸಿಗಲಿಲ್ಲ. ಕೈಯಲ್ಲಿ ಬಿಳಿ ಹೂವು ಹಿಡಿದು ಅವರು ಮುಂದೆ, ಡಬ್ಬಿ ಹಿಡಿದು ಅತ್ತೆ ಹಿಂದೆ, ಲಿಫ್ಟಿನೊಳಗೆ ಹೋದರು.

ಏಳಾಯಿತು, ಅತ್ತೆ ಬರಲಿಲ್ಲ. ಎಂಟಾಗುತ್ತ ಬಂತು. ಅತ್ತೆಯ ಜೊತೆ ಹೋದವರು ನಿಜಕ್ಕೂ ಮನುಷ್ಯರೇ ಹೌದೋ ಎಂಬ ಪ್ರಶ್ನೆ ಗಂಡ ಹೆಂಡಿರಿಬ್ಬರ ಮನಸ್ಸಿನಲ್ಲೂ ಎದ್ದಿತ್ತು. ಮೂಲೆಯ ಕುರ್ಚಿಯ ಕಡೆಗೆ ಇಬ್ಬರೂ ನೋಡಲಿಲ್ಲ. ಕೊನೆಗೆ ಅಲ್ಪವಿರಾಮ ಫೋನ್ ಮಾಡಿದ. ಬಹಳ ಹೊತ್ತು ರಿಂಗಾದ ಮೇಲೆ ಅತ್ತೆಯ ದನಿ ಬಂತು. ಹಿಂದೆ ಯಾರೋ ಕದ ತೆಗೆದ ಸದ್ದು.

"ಅತ್ತೆ, ಎಲ್ಲಿದೀರಿ? ಏನಾಯಿತು?"

"ಏನೂ ಆಗಿಲ್ಲ ಕಣೋ. ಇವರ ಬಿಲ್ಡಿಂಗಲ್ಲೇ ಇದೀನಿ. ಒಂದೊಂದೇ ಮನೆ ಬಾಗಿಲು ಬಡಿದು, ಒಂದೊಂದು ಬಿಸ್ಕತ್ತು ಕೊಟ್ಟು, ಇವರ ಮುಖ ತೋರಿಸ್ತಾ ಬರ್ತಿದೀನಿ. ಇನ್ನೂ ಎರಡು ಮಹಡಿ ಬಾಕಿ ಇದೆ, ನೀವು ಊಟ ಮಾಡಿ."